ಹಳೆಯ ದಡಾರವನ್ನು ಯಾರು ಕೇಳುತ್ತಾರೆ?

ಎಂಟು ಹತ್ತು ವರ್ಷದ ಹುಡುಗನೊಬ್ಬ, ಅದುವರೆಗೆ ಚೆನ್ನಾಗಿ ಓದುತ್ತಿದ್ದವನು, ಪಾಠ ಮರೆಯತೊಡಗುತ್ತಾನೆ. ಅಕ್ಷರ ಕೆಡುತ್ತದೆ, ಮಾತುಮಾತಿಗೂ ಸಿಡುಕು. ಉಪಾಧ್ಯಾಯರು ಸೋಮಾರಿಯೆನ್ನುತ್ತಾರೆ, ತಂದೆ ಬೆತ್ತ ಹಿಡಿಯುತ್ತಾನೆ. ಕೆಲವು ವಾರಗಳಾದ ಮೇಲೆ ಹುಡುಗ ನಡೆಯುತ್ತಿರುವಂತೆಯೇ ತಲೆ ಜೋತು ಮುಗ್ಗರಿಸುತ್ತಾನೆ. ಊಟದ ತಟ್ಟೆ ಕೈಜಾರುತ್ತದೆ. ಕೆಲವು ಸೆಕೆಂಡುಗಳಿಗೊಮ್ಮೆ, ತಾಳ ಹಾಕಿದಂತೆ, ಮೈ ಬೆಚ್ಚಿಬೀಳುತ್ತದೆ. ವೈದ್ಯರ ನೆನಪಾಗುವುದು ಆಗ.

ಇಂತಹ ಮಕ್ಕಳಲ್ಲಿ ಕೆಲವರಿಗೆ ಬಂದಿರುವುದು ಎಸ್.ಎಸ್.ಪಿ.ಇ. ಎಂಬ ಅಪರೂಪದ ಮಿದುಳಿನ ರೋಗ. ಅದರ ಮೂಲ, ಶೈಶವದಲ್ಲಿ ಬಂದುಹೋದ ದಡಾರ! 1933ರಲ್ಲಿ ಅಮೆರಿಕದ ಡಾಸನ್ ಎಂಬ ವೈದ್ಯರು ಇಂತಹ ರೋಗಿಯ ಮಿದುಳಿನ ಕೋಶಗಳೊಳಗೆ ವಿಚಿತ್ರ ಕಾಯಗಳನ್ನು ಕಂಡು, ಇದು ವೈರಸ್ಸಿನ ಕೆಲಸವಿರಬೇಕೆಂದು ಶಂಕಿಸಿದರು. ಆ ವೈರಸ್ಸು ದಡಾರದ್ದೇ ಎಂದು ಸಿದ್ಧವಾದುದು 1960ರ ದಶಕದ ಕೊನೆಗೆ. ಮಾರ್ಪಾಟುಗೊಂಡ ವೈರಸ್ಸು ನರಕೋಶದಿಂದ ನರಕೋಶಕ್ಕೆ ಮೆಲ್ಲನೆ ಹರಡುತ್ತದೆ. ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ ಯಾವ ಸುಳಿವನ್ನೂ ಕೊಡುವುದಿಲ್ಲ.

ಪತ್ತೆಗೆ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇ.ಇ.ಜಿ. ಬಲು ಉಪಯುಕ್ತ. ಮೈ ಬೆಚ್ಚುವ ತಾಳಕ್ಕೆ ಸರಿಯಾಗಿ ಅದರಲ್ಲಿ ಎತ್ತರದ ಅಲೆಗಳು ಮರುಕಳಿಸುತ್ತವೆ. ಬೆನ್ನುಹುರಿಯ ಸುತ್ತಣ ದ್ರವದಲ್ಲಿ ದಡಾರದ ಪ್ರತಿಕಾಯಗಳು ಹೇರಳವಾಗಿದ್ದರೆ ಸಂದೇಹ ತೀರಿದಂತೆಯೇ. ಬಲು ವೆಚ್ಚದ ಎಂ.ಆರ್.ಐ. ಚಿತ್ರವಾದರೋ ಮೊದಮೊದಲು ನಿರ್ದೋಷವಾಗಿ ಕಾಣಬಹುದು. ಆದರೆ ಈ ಪರೀಕ್ಷೆಗಳು ತೋಚಬೇಕಾದರೆ ಮೊದಲು ಒಂದು ಪ್ರಶ್ನೆ ಏಳಬೇಕು: ಮಗುವಿಗೆ ಚಿಕ್ಕಂದಿನಲ್ಲಿ ದಡಾರ ಬಂದಿತ್ತೆ? ಓದಿನಲ್ಲಿ ಹಠಾತ್ತನೆ ಹಿಂದೆಬಿದ್ದ ಪ್ರತಿ ಮಗುವಿನ ವಿಷಯದಲ್ಲಿಯೂ ಇದನ್ನು ಕೇಳಲೇಬೇಕೆಂದು ನನ್ನ ಅಭಿಪ್ರಾಯ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ ಆ ಎಂಟು ದಿನಗಳನ್ನು ತಾಯಿ ಮರೆತಿರಬಹುದು. ಆದುದರಿಂದ ‘ಇಲ್ಲ’ ಎಂಬ ಉತ್ತರವನ್ನೂ ಪೂರ್ತಿ ನಂಬುವಂತಿಲ್ಲ.

ಗುಣವಾಗದ ರೋಗವನ್ನು ಗುರುತಿಸಿ ಫಲವೇನು ಎನ್ನುವವರುಂಟು. ನಿಜ, ಔಷಧಗಳು ಕೆಲವರಲ್ಲಿ ರೋಗದ ವೇಗವನ್ನು ತಗ್ಗಿಸಿಯಾವು, ಅಷ್ಟೆ; ಬಹುಪಾಲು ಮಕ್ಕಳು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ. ಆದರೆ ಇದೇ ಬಗೆಯಲ್ಲಿ ಆರಂಭವಾಗುವ ಬೇರೆ ರೋಗಗಳಿವೆ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ರೋಗ ಅವುಗಳಲ್ಲೊಂದು; ಅದಕ್ಕೆ ಚಿಕಿತ್ಸೆಯಿದೆ. ಒಂದನ್ನು ಇನ್ನೊಂದೆಂದು ಭ್ರಮಿಸಿದರೆ ಬದುಕಬಲ್ಲ ಮಗುವೂ ಕೈತಪ್ಪುತ್ತದೆ. ಅದಲ್ಲದೆ, ಕಾರಣ ತಿಳಿದ ದಿನ ಮನೆಯಲ್ಲಿ ಬೆತ್ತವಾದರೂ ಕೆಳಗಿಳಿಯುತ್ತದೆ.

ಲಸಿಕೆಯಿಂದಲೇ ಈ ರೋಗ ಬರುತ್ತದೆಂಬ ಮಾತು ಶುದ್ಧ ತಪ್ಪು. ರೋಗಿಗಳ ಮಿದುಳಿನಲ್ಲಿ ದೊರೆತುದು ದಡಾರದ ನೈಸರ್ಗಿಕ ವೈರಸ್ಸೇ ಹೊರತು ಲಸಿಕೆಯದಲ್ಲ. ಕ್ಯಾಲಿಫೋರ್ನಿಯದಲ್ಲಿ ನಡೆದ ಗಣನೆಯಂತೆ, ಒಂದು ವರ್ಷ ತುಂಬುವ ಮೊದಲೇ ದಡಾರಕ್ಕೆ ತುತ್ತಾದವರಲ್ಲಿ ಸುಮಾರು 600ಕ್ಕೆ ಒಬ್ಬರಿಗೆ ಈ ರೋಗ ತಗಲಿತು. ನಮ್ಮ ದೇಶದಲ್ಲಿ ಮೊದಲ ಲಸಿಕೆ 9 ತಿಂಗಳು ತುಂಬಿದ ಮೇಲೆ. ಅದಕ್ಕೂ ಚಿಕ್ಕ ಕೂಸಿಗೆ ದಡಾರ ಹತ್ತದಿರಬೇಕಾದರೆ ಅದನ್ನು ಎತ್ತಿ ಆಡಿಸುವ ಅಕ್ಕ, ಅಣ್ಣ, ನೆರೆಮನೆಯ ಕಾಲೇಜು ವಿದ್ಯಾರ್ಥಿ, ಇವರೆಲ್ಲರೂ ಎರಡು ಸಲದ ಲಸಿಕೆಯನ್ನು ಪಡೆದಿರಬೇಕು.