ಒಳ ಆರಿದ್ದವು?

ಈಗಾಣ ಮಕ್ಕೊಗೆ ಕಂಪ್ಯೂಟರು ಹೇಳಿರೆ ಒಂದು ಪೆಟ್ಟಿಗೆ ಅಲ್ಲ, ಒಂದು ಊರು. ಅದರ ಒಳ ಜೆನ ಇದ್ದವು, ಜಗಳ ಇದ್ದು, ರಾಜಿ ಇದ್ದು, ಸಾವುದೆ ಇದ್ದು. ಆಟಲ್ಲಿ ಬಿದ್ದ ಗೊಂಬೆಯ ನೋಡಿ 'ಪಾಪ, ಅದಕ್ಕೆ ಬೇನೆ ಆತು' ಹೇಳಿ ಕೂಗುವ ಮಕ್ಕೊ ಸುಮಾರು ಮನೆಲಿ ಇದ್ದವು. ಫೋನಿಲ್ಲಿ ಮಾತಾಡುವ ಸ್ವರದ ಹತ್ರ 'ನಿನಗೆ ಉಂಡಾತೋ?' ಕೇಳುವ ಕೂಸುಗಳುದೆ ಇದ್ದವು. ದೊಡ್ಡವು ಇದರ ನೋಡಿ ಒಂದೋ ನೆಗೆ ಮಾಡ್ತವು, ಇಲ್ಲದ್ರೆ ಜೋರು ಮಾಡ್ತವು: 'ಅದು ಬರೀ ಮಿಷನು, ಅದಕ್ಕೆ ಜೀವ ಇಲ್ಲೆ.' ಎನ್ನ ಪ್ರಕಾರ ಈ ಎರಡುದೆ ಸಾಲ.

ಕಂಪ್ಯೂಟರಿನ ಒಳ ಒಂದು ಲೋಕ ಇದ್ದು, ಅಲ್ಲಿ ಪ್ರೋಗ್ರಾಮುಗೊಕ್ಕೆ ಕೈಕಾಲು, ಹೆಸರು, ಹೆದರಿಕೆ ಎಲ್ಲ ಇದ್ದು ಹೇಳ್ತ ಕತೆ ಹೊಸತ್ತಲ್ಲ. 1982ರಲ್ಲಿ ಡಿಸ್ನಿಯವರ 'ಟ್ರಾನ್' ಸಿನೆಮಾ ಬಂತು. ಪ್ರೋಗ್ರಾಮು ಬರೆತ್ತ ಒಬ್ಬ° ಕಂಪ್ಯೂಟರಿನ ಒಳಂಗೆ ಸಿಕ್ಕಿ ಬೀಳ್ತ°. ಅಲ್ಲಿಪ್ಪ ಪ್ರೋಗ್ರಾಮುಗೊ ಹೆರಾಣ ಮನುಷ್ಯರ 'ಯೂಸರ್' ಹೇಳಿ ಹೆಚ್ಚುಕಮ್ಮಿ ದೇವರ ಹಾಂಗೆ ನಂಬಿಗೊಂಡಿದ್ದವು. ಆ ದೇವರೇ ಒಳ ಬಂದಪ್ಪಗ ನೋಡಿರೆ, ಅವಂಗುದೆ ಪೂರ್ತಿ ಎಂತದೂ ಗೊಂತಿಲ್ಲೆ!

1994ರಲ್ಲಿ ಕೆನಡಾಲ್ಲಿ 'ರೀಬೂಟ್' ಹೇಳ್ತ ಟೀವಿ ಧಾರಾವಾಹಿ ಸುರು ಆತು. ಅದರಲ್ಲಿ ಕಂಪ್ಯೂಟರಿನ ಒಳ ಮೈನ್‌ಫ್ರೇಮ್ ಹೇಳ್ತ ಒಂದು ಪೇಟೆ. ಹೆರ ಆರೋ ಆಟ ಆಡ್ಲೆ ಕೂದರೆ ಆ ಪೇಟೆಗೆ ಮೇಗಂದ ದೊಡ್ಡ ಪೆಟ್ಟಿಗೆಯ ಹಾಂಗಿಪ್ಪದು ಬಂದು ಬೀಳ್ತು. ಆಟಲ್ಲಿ ಹೆರಾಣವ° ಗೆದ್ದರೆ ಪೇಟೆಯ ಆ ಭಾಗ ಹಾಳು. ಹೇಳಿರೆ, ನಮ್ಮ ಮಾಣಿ ಇಲ್ಲಿ 'ಗೆದ್ದೆ!' ಹೇಳಿ ಕೊಣಿವಗ ಅಲ್ಲಿ ಆರದ್ದೋ ಕೇರಿ ಮುಳುಗಿತ್ತು. ಇನ್ನೊಬ್ಬರ ಜಾಗೆಲಿ ನಿಂದು ನೋಡ್ಲೆ ಮಕ್ಕೊಗೆ ಇದರಿಂದ ಒಳ್ಳೆ ಪಾಠ ಬೇರೆ ಬೇಕೋ? ಹಾಂಗಾಗಿ ಇಂತಾ ಕತೆಗೊ ಬೇಡ ಹೇಳುವವರ ಪೈಕಿ ಆನಲ್ಲ.

ಟ್ರಾನಿಲ್ಲಿ ಎನಗೆ ಹೆಚ್ಚು ಕೊಶಿ ಆದ ಸಂಗತಿ ಬೇರೆ. ಒಳಾಣ ಪ್ರೋಗ್ರಾಮಿನ ಮೋರೆಯುದೆ ಹೆರ ಅದರ ಬರದವನ ಮೋರೆಯುದೆ ಒಂದೇ. ಹೆರ ಪ್ರೋಗ್ರಾಮು ಬರೆತ್ತ ಆಲನ್ ಹೇಳ್ತವನುದೆ, ಅವ° ಬರದ ಟ್ರಾನ್ ಹೇಳ್ತ ವೀರನುದೆ ಬ್ರೂಸ್ ಬಾಕ್ಸ್‌ಲೈಟ್ನರ್ ಹೇಳ್ತ ಒಬ್ಬನೇ ನಟ. ಕತೆಯ ಚೆಂದಕ್ಕೆ ಹಾಂಗೆ ಮಾಡಿಕ್ಕು. ಆದರೆ ಮಾತು ಸತ್ಯ: ಪ್ರೋಗ್ರಾಮಿಂಗೆ ಸ್ವಂತ ಮೋರೆ ಇಲ್ಲೆ, ಬರದವರ ಮೋರೆಯೇ ಅದಕ್ಕಿಪ್ಪದು.

ಇದು ನಮ್ಮ ಊರಿನವಕ್ಕೆ ಅರ್ಥ ಆಗದ್ದ ವಿಷಯ ಅಲ್ಲ. ಬಂಟ್ವಾಳ ತಾಲೂಕಿನ ಕಲ್ಲಡ್ಕದ ಗೊಂಬೆಗಳ ನೋಡದ್ದವು ಆರು? ಮೆರವಣಿಗೆಲಿ ಆಳಿಂದ ಎತ್ತರದ ಗೊಂಬೆ ಕೊಣ್ಕೊಂಡು ಬಪ್ಪಗ ಸಣ್ಣ ಮಗು ಹೆದರಿ ಅಬ್ಬೆಯ ಸೆರಗಿನ ಹಿಂದೆ ಹುಗ್ಗುತ್ತು. ರಜ ಹೊತ್ತಪ್ಪಗ ಗೊಂಬೆಯ ಒಳಂದ ನೋಡ್ಲೆ ಮಡಗಿದ ಒಟ್ಟೆ ಅದಕ್ಕೆ ಕಾಣ್ತು. ಮತ್ತೆ ಒಂದೇ ಪ್ರಶ್ನೆ: 'ಒಳ ಆರಿದ್ದವು?' ಗೊಂಬೆಗೆ ಜೀವ ಇದ್ದೋ ಇಲ್ಲೆಯೋ ಹೇಳಿ ಮಗು ಕೇಳ್ತಿಲ್ಲೆ. ಒಳ ಒಬ್ಬ° ಬೆಗರು ಸುರಿಶಿಗೊಂಡು ಕೊಣಿತ್ತಾ ಇದ್ದ° ಹೇಳಿ ಗೊಂತಾದ ಮತ್ತೆ ಗೊಂಬೆಯ ಚೆಂದ ಕಮ್ಮಿ ಆವುತ್ತಿಲ್ಲೆ. ಹೆದರಿಕೆ ಮಾಂತ್ರ ಹೋವುತ್ತು. ಬೆಳ್ತಂಗಡಿ ಹೊಡೆಲಿ ಧರ್ಮಸ್ಥಳ ಮೇಳದ ಆಟಕ್ಕೆ ಹೋದ ಮಕ್ಕಳುದೆ ಹಾಂಗೇ. ಚೌಕಿಗೆ ಇಣ್ಕಿ, ರಾವಣ° ಕನ್ನಡಿ ಹಿಡ್ಕೊಂಡು ಬಣ್ಣ ಹಾಕುದರ ನೋಡಿರುದೆ, ರಂಗಸ್ಥಳಕ್ಕೆ ಬಂದಪ್ಪಗ ಅವ° ರಾವಣನೇ.

ಫೋನಿನ ಒಳಾಣ ಪಾತ್ರಂಗಳ ನೋಡಿಯುದೆ ಇದೇ ಪ್ರಶ್ನೆ ಕೇಳ್ಲೆ ನಾವು ಮಕ್ಕೊಗೆ ಕಲಿಶೆಕ್ಕು. ಎನ್ನ ಅಭಿಪ್ರಾಯ ಇಷ್ಟೇ.

'ಜೀವ ಇಲ್ಲೆ ಹೇಳಿ ಹೇಳಿಕೊಟ್ಟರೆ ಸಾಲದೋ?' ಹೇಳಿ ಕೇಳುಗು ಕೆಲವು ಜೆನ. ಸಾಲ. 1966ರಲ್ಲಿ ಅಮೇರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಹೇಳ್ತ ಪ್ರೋಗ್ರಾಮಿನ ವಿವರ ಪ್ರಕಟ ಮಾಡಿದವು. ನಾವು ಹೇಳಿದ ಮಾತನ್ನೇ ತಿರುಗುಸಿ ಪ್ರಶ್ನೆ ಮಾಡುದು ಅದರ ಕೆಲಸ. 'ಎನಗೆ ಬೇಜಾರ' ಹೇಳಿರೆ 'ನಿಂಗೊಗೆ ಎಂತಕೆ ಬೇಜಾರ?' ಹೇಳ್ತ ನಮೂನೆದು. ಅವು ಅದರ ಕಟ್ಟುದರ ತಿಂಗಳುಗಟ್ಟಲೆ ಕಣ್ಣಾರೆ ನೋಡಿದ ಅವರ ಸೆಕ್ರೆಟರಿಯೇ ಅದರ ಹತ್ರ ಮಾತಾಡ್ಲೆ ಕೂದು, ರಜ ಹೊತ್ತಪ್ಪಗ 'ನಿಂಗೊ ಹೆರ ಹೋವುತ್ತಿರೋ' ಹೇಳಿ ಅವರನ್ನೇ ಕೇಳಿತ್ತಡ. ಜೀವ ಇಲ್ಲೆ ಹೇಳಿ ಅದಕ್ಕೆ ಗೊಂತಿಲ್ಲದ್ದೆ ಅಲ್ಲ. ಗೊಂತಿದ್ದರೂ ಮನಸ್ಸು ಕೇಳ್ತಿಲ್ಲೆ.

ಈಗಾಣ ಪಾತ್ರಂಗೊ ಎಲೈಜಾಂದ ಸುಮಾರು ಉಷಾರು. ಹೆಸರು ಹಿಡುದು ದೆನಿಗೇಳ್ತವು. ಮಗು ಆಟ ಬಿಟ್ಟು ಏಳುವಗ ಗೊಂಬೆ ಮೋರೆ ಸಪ್ಪೆ ಮಾಡ್ತು, ನಾಳೆ ಬಾರದ್ರೆ 'ನಿನ್ನ ಕಾಣದ್ದೆ ಬೇಜಾರಾತು' ಹೇಳಿ ಸುದ್ದಿ ಕಳುಸುತ್ತು. ಮಗು ಅದಕ್ಕೆ ಪಾಪ ಹೇಳಿ ಗ್ರೇಶುತ್ತು, ಉಂಬದು ಬಿಟ್ಟು ಪುನಾ ಕೂರ್ತು. ಒಳ ಆರಿದ್ದವು ಹೇಳಿ ಕೇಳಿರೆ ಸಿಕ್ಕುವ ಉತ್ತರ ಬೇರೆ. ಮಗು ಹೆಚ್ಚು ಹೊತ್ತು ಕೂದಷ್ಟೂ ಪೈಸೆ ಅಪ್ಪ ಹಾಂಗೆ ಲೆಕ್ಕ ಹಾಕಿದವು ಅಲ್ಲಿದ್ದವು. ಆ ಸಪ್ಪೆ ಮೋರೆಯ ಬರದ್ದು ಅವು. ಮದ್ದಿನ ವಿಷಯ, ಬೇಂಕಿನ ವಿಷಯ ಎಲ್ಲ ಫೋನಿನ ಸ್ವರದ ಹತ್ರ ಕೇಳುವ ಪ್ರಾಯದವಕ್ಕುದೆ ಇದೇ ಮಾತು. ಸ್ವರ ನಯ ಇದ್ದು ಹೇಳಿ ಒಳಾಣವು ಒಳ್ಳೆಯವೇ ಆಗಿರೆಕ್ಕು ಹೇಳಿ ಇಲ್ಲೆ.

ಹಾಂಗೆ ಹೇಳಿ ಒಳ ಇಪ್ಪವೆಲ್ಲ ಕಳ್ಳರು ಹೇಳಿಯುದೆ ಅಲ್ಲ. ಕಂಪ್ಯೂಟರಿಲ್ಲಿ ನುಡಿ ಬಳಸಿ ಕನ್ನಡ ಬರೆತ್ತವು 'ಅಕ್ಕ' ಹೇಳಿ ಬರವಲೆ ಎ, ಕೆ, ಎಫ್, ಕೆ ಹೇಳಿ ಕೀಲಿ ಒತ್ತುತ್ತವು. ಒತ್ತಕ್ಷರ ಬೇಕಾದಲ್ಲಿ ಎಫ್. ಆ ಎಫ್ ಕೀಲಿಯ ಒಳ ಆರಿದ್ದವು? ಕೆ.ಪಿ. ರಾವ್, ಹೇಳಿರೆ ಕಿನ್ನಿಕಂಬಳ ಪದ್ಮನಾಭ ರಾವ್. ಕಿನ್ನಿಕಂಬಳ ದೂರ ಅಲ್ಲ, ಗುರುಪುರ ಕೈಕಂಬದ ಹತ್ರವೇ. ಮೂಡಬಿದ್ರೆಂದ ಮಂಗಳೂರಿಂಗೆ ಬಸ್ಸಿಲ್ಲಿ ಹೋಪವಕ್ಕೆ ಆ ಹೊಡೆ ಗೊಂತಿದ್ದು. ಅವು ಮಾಡಿದ ಕನ್ನಡ ತಂತ್ರಾಂಶಕ್ಕೆ ಮಡಗಿದ ಹೆಸರು 'ಸೇಡಿಯಾಪು'. ಛಂದಸ್ಸಿನ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ. ಟ್ರಾನಿನ ಲೋಕ ನಿಜ ಆಗಿದ್ದಿದ್ದರೆ ಅಲ್ಲಿ ಡಿಸ್ಕ್ ಹಿಡುದವರ ಎಡೆಲಿ, ವೇಷ್ಟಿ ಸುತ್ತಿ, ಮಾತ್ರೆ ಲೆಕ್ಕ ಮಾಡಿಗೊಂಡು ಹೋಪ ಒಂದು ಪ್ರೋಗ್ರಾಮುದೆ ಕಾಂಗು ಹೇಳಿ ಗ್ರೇಶಿರೆ ಎನಗೆ ನೆಗೆ ಬತ್ತು, ಹೆಮ್ಮೆಯುದೆ ಆವುತ್ತು.

ಇನ್ನೊಂದು ಮಾತು ಇದರಿಂದಲೇ ಬಪ್ಪದು. ಆ ಲೋಕಲ್ಲಿ ನಮ್ಮ ಮನೆಭಾಷೆ ಮಾತಾಡುವ ಪಾತ್ರ ಇದ್ದೋ? ಫೋನಿನ ಸ್ವರದ ಹತ್ರ 'ಎಂತ ಮಾಡ್ತಾ ಇದ್ದೆ?' ಹೇಳಿ ಕೇಳಿ ನೋಡಿ. ಒಂದೋ ಪುಸ್ತಕದ ಕನ್ನಡಲ್ಲಿ, ಇಲ್ಲದ್ರೆ ಇಂಗ್ಲೀಷಿಲ್ಲಿ ಉತ್ತರ ಬಕ್ಕು. ಅದಕ್ಕೆ ನಮ್ಮ ಮೇಲೆ ಕೋಪ ಇದ್ದು ಹೇಳಿ ಅಲ್ಲ. ಹವ್ಯಕ ಭಾಷೆ ಮಾತಾಡುವವು ಬರದು ಒಳಂಗೆ ಹಾಕಿದ್ದು ಕಮ್ಮಿ, ಅಷ್ಟೆ. ಜೆನಂಗೊ ಬರದ್ದರ ಓದಿಯೇ ಈ ಮಿಷನುಗೊ ಮಾತು ಕಲಿವದು. ಪತ್ರೊಡೆ ಮಾಡುವ ಕ್ರಮ, ಅಜ್ಜಿ ಹೇಳಿಗೊಂಡಿದ್ದ ಕತೆ, ಅಡಕ್ಕೆ ತೋಟದ ಸುದ್ದಿ, ಜಗಳ, ಬೈಗಳುದೆ ಮನೆಭಾಷೆಲಿ ಬರದು ಮಡುಗಿರೆ ನಾಳೆ ಒಳ ಇಪ್ಪವರಲ್ಲಿ ನಾವುದೆ ಒಬ್ಬ° ಅಕ್ಕು. ನಾವು ಬರೆಯದ್ರೆ ಪುಳ್ಯಕ್ಕೊಗೆ ಆ ಊರಿಲ್ಲಿ ನೆಂಟರೇ ಇರ್ತವಿಲ್ಲೆ.

ಹಾಂಗಾಗಿ ಮಕ್ಕೊಗೆ ಟ್ರಾನ್ ತೋರ್ಸಿ, ಗೊಂಬೆಗೆ ಬೇನೆ ಆತು ಹೇಳಿ ಕೂಗಿರೆ ಕೂಗಲಿ. ಮತ್ತೆ ಒಟ್ಟಿಂಗೆ ಕೂದು ಕೇಳಿ: ಇದರ ಬರದ್ದು ಆರು? ಅವಕ್ಕೆ ಪೈಸೆ ಎಲ್ಲಿಂದ ಬಪ್ಪದು? ನಾವು ಮಾತಾಡಿದ್ದರ ಕೇಳಿಗೊಂಡಿಪ್ಪದು ಆರು? ಒಂದೆರಡು ಸರ್ತಿ ಕೇಳಿರೆ ಮತ್ತೆ ಮಕ್ಕಳೇ ಕೇಳ್ಲೆ ಸುರು ಮಾಡುಗು. ಉತ್ತರ ಸಿಕ್ಕದ್ದ ಆಪಿನ ಮಾಂತ್ರ ಮನೆ ಒಳಂಗೆ ಸೇರ್ಸೆಡಿ.