ಹೊಟ್ಟೆ ಸೀಳದ 'ಧ'

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಈಗ ನನ್ನ ಮೇಲೆಯೇ ಪ್ರಯೋಗಿಸುತ್ತಾರೆ. ಪ್ರಯೋಗಿಸಲಿ. ಮೊಳ ಹಾಕಿದವಳು ನಾನೇ. ಹಾಕಿ ನೋಡಿದ ಮೇಲೆ ದಟ್ಟಿ ಗಿಡ್ಡವಾಗಿದೆ ಎಂದು ಹೇಳದೆ ಇರುವುದು ನನ್ನಿಂದ ಆಗುವ ಕೆಲಸವಲ್ಲ.

ಜಯಪುರದಲ್ಲಿ ನನ್ನ ಕೈಯಲ್ಲಿ ಕಲಿತು ಬೆಂಗಳೂರು ಸೇರಿದ ಕೆಲವು ಹುಡುಗರು ಹಣ ಕೂಡಿಸಿ ಶಾಲೆಗೆ ಮೂರು ಲ್ಯಾಪ್‌ಟಾಪ್ ಕಳಿಸಿದರು. ಯಾವುದೋ ಕಂಪನಿಯವರು ಕೆಲವು ವರ್ಷ ಬಳಸಿ ಬಿಟ್ಟದ್ದು, ಒರೆಸಿ ರಿಪೇರಿ ಮಾಡಿ ಮತ್ತೆ ಮಾರಾಟಕ್ಕೆ ಬಂದದ್ದು. "ಬಿಸಿನೆಸ್ ಮಾಡೆಲ್ಲು ಟೀಚರೇ, ಕಲ್ಲಿನ ಹಾಗೆ ಇರುತ್ತೆ" ಎಂದು ಒಬ್ಬ ಫೋನಿನಲ್ಲಿ ಹೇಳಿದ. ಸುಳ್ಳಲ್ಲ. ಕೀಲಿಮಣೆ ಬೆರಳಿಗೆ ಹಿತವಾಗಿದೆ, ಮುಚ್ಚಳದ ಹಿಂಜು ಗಟ್ಟಿ, ಹಿಂಬದಿಯ ಸ್ಕ್ರೂ ಬಿಚ್ಚಿ ಮೆಮೊರಿ ಬದಲಿಸಬಹುದು. ನಮ್ಮ ಮಳೆಗಾಲದ ಬೂಸಲನ್ನೂ ತಡೆದುಕೊಂಡಿವೆ. ಮಕ್ಕಳ ಋಣ ದೊಡ್ಡದು. ನನ್ನ ಜಗಳ ಅವರ ಜೊತೆಗಲ್ಲ.

ಹೋದ ವರ್ಷ ಆಷಾಢದಲ್ಲಿ ಹತ್ತನೆಯ ತರಗತಿಯ ಮಕ್ಕಳ ಹೆಸರಿನ ಪಟ್ಟಿಯನ್ನು ಕನ್ನಡದಲ್ಲಿ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಈಗ ಶಿಕ್ಷಕರ ಕೆಲಸವೆಂದರೆ ಪಾಠದಷ್ಟೇ ಪಟ್ಟಿ. ಎಸ್‌ಎಟಿಎಸ್ ಎಂದು ಒಂದು, ಯು-ಡೈಸ್ ಎಂದು ಇನ್ನೊಂದು. ಸೀಮೆಸುಣ್ಣ ಹಿಡಿದ ಕೈ ಮೌಸ್ ಹಿಡಿದೇ ಸಂಜೆಯಾಗುತ್ತದೆ. ಅವತ್ತು ಮಧ್ಯಾಹ್ನ ಮೂರಕ್ಕೇ ಕತ್ತಲೆ ಕವಿದು ಕರೆಂಟು ಹೋಯಿತು. ಬ್ಯಾಟರಿ ಉಳಿಸಲೆಂದು ಯಂತ್ರ ತಾನಾಗಿಯೇ ಪರದೆಯ ಬೆಳಕನ್ನು ತಗ್ಗಿಸಿಕೊಂಡಿತು. ಪಕ್ಕದಲ್ಲಿ ಕುಳಿತು ತಾಳೆ ನೋಡಬೇಕಾಗಿದ್ದ ಸಹೋದ್ಯೋಗಿಗೆ ಪರದೆ ಓರೆಯಿಂದ ಬರೀ ಬೂದಿಬಣ್ಣ. ಕೊನೆಗೆ ಅವರು ಹಾಜರಿ ಪುಸ್ತಕ ನೋಡಿ ಓದಿದರು, ನಾನು ಪರದೆ ನೋಡಿ "ಹೂಂ" ಎಂದೆ.

ಒಂದು ಹುಡುಗಿ. ನಿಜವಾದ ಹೆಸರು ಬೇಡ, ಧನಲಕ್ಷ್ಮಿ ಎಂದಿಟ್ಟುಕೊಳ್ಳಿ. ನುಡಿಯ ಕೀಲಿಮಣೆಯಲ್ಲಿ 'ದ'ಕ್ಕೂ 'ಧ'ಕ್ಕೂ ಒಂದೇ ಕೀಲಿ. ಶಿಫ್ಟ್ ಒತ್ತಿದರೆ ಮಹಾಪ್ರಾಣ, ಒತ್ತದಿದ್ದರೆ ಅಲ್ಪಪ್ರಾಣ. ನನ್ನ ಬೆರಳು ಜಾರಿತ್ತು. ತಪ್ಪು ನನ್ನದೇ, ಒಪ್ಪಿದೆ. ಆದರೆ ಎರಡು ಸಲ ತಾಳೆ ನೋಡಿಯೂ ಅದು ಕಣ್ಣಿಗೆ ಬೀಳಲಿಲ್ಲ. ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಚ್ಚಿದೆವು. ಕಾಗದದ ಮೇಲೆ ಅದು ಕಲ್ಲಿನಲ್ಲಿ ಕೊರೆದ ಹಾಗೆ ಸ್ಪಷ್ಟವಾಗಿ 'ದನಲಕ್ಷ್ಮಿ'. ಬಿಡುವಿನ ಗಂಟೆಯ ಹೊತ್ತಿಗೆ ಗಂಡುಹುಡುಗರ ಸಾಲಿನಿಂದ "ಅಂಬಾ" ಎಂಬ ಕೂಗು ಶುರುವಾಗಿತ್ತು. ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ತೋಟದ ಕೆಲಸ ಬಿಟ್ಟು ಅವಳ ತಾಯಿ ಬಂದು ನಿಂತರು. "ಬೇರೆಯವ್ರು ಬರೆದ್ರೆ ಓದು ಬಾರದವ್ರು ಅಂತಿದ್ದೆ. ನೀವೇ ಹೀಂಗೆ ಬರೆದ್ರೆ ಹೆಂಗೆ ಟೀಚರೇ?" ಎಂದರು. ಮೂವತ್ತು ವರ್ಷದ ಹತ್ತಿರ ಮಹಾಪ್ರಾಣಕ್ಕೆ ಹೊಟ್ಟೆ ಸೀಳಿ ಎಂದು ಮಕ್ಕಳ ಕೈಗೆ ಅಡಿಪಟ್ಟಿ ತೋರಿಸಿದವಳು ನಾನು. ಉತ್ತರ ಹೊಳೆಯಲಿಲ್ಲ.

"ಕನ್ನಡಕ ಬದಲಿಸಿ" ಎಂದರು ಎಲ್ಲರೂ. ಬದಲಿಸಿದೆ. ಕೊಪ್ಪದಲ್ಲಿ ಕಣ್ಣು ನೋಡಿದ ವೈದ್ಯರು ವಯಸ್ಸಿಗೆ ತಕ್ಕ ಹಾಗೆ ಇದೆ, ಚಿಂತೆ ಬೇಡ ಎಂದರು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಆಗಾಗ ಕಿಟಕಿಯ ಹೊರಗೆ ನೋಡಿ ಎಂದೂ ಹೇಳಿದರು. ಹೊಸ ಕನ್ನಡಕ ಹಾಕಿಕೊಂಡು ಅದೇ ಪಟ್ಟಿಯನ್ನು ತೆರೆದೆ. ಧ-ದ, ಪ-ಷ, ಬ-ಭ ಎಲ್ಲ ಒಂದೇ ಅಂಗಿಯ ಅವಳಿಜವಳಿಗಳು. ಅದೇ ಕಣ್ಣು, ಅದೇ ಕನ್ನಡಕ, ಅದೇ ಅಳತೆಯ ಅಕ್ಷರ. ಕಾಗದದಲ್ಲಿ ಕಾಣುತ್ತದೆ, ಪರದೆಯಲ್ಲಿ ಕಾಣುವುದಿಲ್ಲ. ಹಾಗಾದರೆ ಕುರುಡು ಯಾರದು?

ಆಮೇಲೆ ನಾನು ಮೊಳ ಹಾಕಿದ್ದು. ಯಂತ್ರದ ಜೊತೆ ಬಂದ ಬಿಲ್ಲಿನಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕುಗಳ ವರ್ಣನೆ ಅರ್ಧ ಪುಟ. ಪರದೆಗೆ ಮಾತ್ರ ಒಂದೇ ಸಾಲು: '15.6 ಇಂಚು, ಎಚ್‌ಡಿ'. ಎಚ್‌ಡಿ ಎಂದರೆ ಬಹಳ ಒಳ್ಳೆಯದು ಎಂದುಕೊಂಡಿದ್ದೆ. ಬೆಂಗಳೂರಿನ ಹುಡುಗ ಬಿಡಿಸಿ ಹೇಳಿದ ಮೇಲೆ ತಿಳಿಯಿತು, ಅದು ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳ ಲೆಕ್ಕ. ಫುಲ್ ಎಚ್‌ಡಿ ಎಂಬುದು 1920ಕ್ಕೆ 1080. ಗುಣಿಸಿ ನೋಡಿ: ಒಂದರಲ್ಲಿ ಹತ್ತೂವರೆ ಲಕ್ಷದಷ್ಟು ಚುಕ್ಕಿ, ಇನ್ನೊಂದರಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲೆ. ಒಂದು 'ಫುಲ್' ಎಂಬ ಶಬ್ದ ಬಿಟ್ಟರೆ ಅರ್ಧ ಊಟ!

ಹೆಂಗಸರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಏಳು ಚುಕ್ಕಿ ಇಟ್ಟು ತೇರಿನ ರಂಗೋಲಿ ಬಿಡಿಸು ಎಂದರೆ ಬಿಡಿಸಲಾದೀತೆ? 11 ಪಾಯಿಂಟಿನ ಅಕ್ಷರಕ್ಕೆ ನಮ್ಮ ಈ ಪರದೆಯಲ್ಲಿ ಮೇಲಿಂದ ಕೆಳಗೆ ಸಿಗುವುದು ಹದಿನೈದು ಚುಕ್ಕಿ. ಅದರಲ್ಲೇ ತಲೆಕಟ್ಟು, ಗುಡಿಸು, ಅಕ್ಷರದ ಹೊಟ್ಟೆ, ಕೆಳಗೊಂದು ಒತ್ತು, 'ಲಕ್ಷ್ಮಿ'ಯಂಥ ಕಡೆ ಎರಡು ಒತ್ತು, ಎಲ್ಲವೂ ಕೂರಬೇಕು. ಇಂಗ್ಲಿಷಿನ ಅಕ್ಷರಗಳು ಒಬ್ಬೊಬ್ಬರೇ ಬೆಂಚಿನ ಮೇಲೆ ಕೂರುವ ಮಕ್ಕಳು. ನಮ್ಮವು ಹೆಗಲ ಮೇಲೊಂದು, ಕಾಲ ಬಳಿಯೊಂದು ಕೂಸು ಇಟ್ಟುಕೊಂಡ ತಾಯಂದಿರು. ಮಹಾಪ್ರಾಣದ ಸೀಳಿಗೆ ಉಳಿಯುವುದು ಒಂದು ಚುಕ್ಕಿ, ಅದೂ ಮಬ್ಬು. ಫುಲ್ ಎಚ್‌ಡಿಯಲ್ಲಿ ಅದೇ ಅಕ್ಷರವನ್ನು ಅದೇ ಗಾತ್ರಕ್ಕೆ ಹಿಗ್ಗಿಸಿಟ್ಟರೆ ಇಪ್ಪತ್ತು ಚುಕ್ಕಿ ಸಿಗುತ್ತದೆ. ಒಂದು ಹುಡುಗಿಯ ಹೆಸರು ಉಳಿಯಲು ಅಷ್ಟು ಸಾಕಿತ್ತು. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತೆಂದು ಹೆಮ್ಮೆಪಡುತ್ತೇವೆ. ಆ ಅಕ್ಷರ ಕಣ್ಣಿಗೆ ಕಾಣಬೇಕಾದ ಕಿಟಕಿಯನ್ನು ಮಾತ್ರ ಯಾರೋ ಅಗ್ಗದಲ್ಲಿ ಮುಗಿಸುತ್ತಾರೆ.

ಇದು ಬಡತನದ ಮಾತಲ್ಲ, ಬುದ್ಧಿಯ ಮಾತು. 1992ರಲ್ಲಿ ಐಬಿಎಂನವರು ಥಿಂಕ್‌ಪ್ಯಾಡ್ 700ಸಿ ತಂದಾಗ ಅದರ 10.4 ಇಂಚಿನ ಬಣ್ಣದ ಪರದೆಯೇ ದೊಡ್ಡ ಆಕರ್ಷಣೆಯಾಗಿತ್ತು. 2006ರ ಟಿ60ಯಲ್ಲಿ 1400ಕ್ಕೆ 1050 ಚುಕ್ಕಿಯ ಪರದೆ ಸಿಗುತ್ತಿತ್ತು. ಐದು ವರ್ಷ ಕಳೆದು 2011ರಲ್ಲಿ ಬಂದ ಟಿ420ರ ಅಗ್ಗದ ಪರದೆಯಲ್ಲಿ ಉದ್ದಕ್ಕೆ ಇದ್ದದ್ದು 768. ಯಂತ್ರದ ವೇಗ ಏರಿತು, ಪುಟ ಮೊಟಕಾಯಿತು. ಯಾಕೆ? ಟಿವಿಯ ಆಕಾರದಲ್ಲೇ ಗಾಜು ಕತ್ತರಿಸಿದರೆ ಕಾರ್ಖಾನೆಗೆ ಸಲೀಸು. ಪಟ್ಟಿ ಓದುವವರು ಸಿನಿಮಾ ನೋಡುವವರ ಚೌಕಟ್ಟಿನಲ್ಲಿ ಕೂರಬೇಕಾಯಿತು. 2020ರ ಆಚೀಚೆ ಮತ್ತೆ ಎತ್ತರದ ಪರದೆಗಳು, 1920ಕ್ಕೆ 1200 ಎಂಬಂಥವು ಬಂದಿವೆ, ಸಂತೋಷ. ಆದರೆ ಕಂಪನಿಗಳು ಬಿಟ್ಟ ಹಳೆಯ ಯಂತ್ರಗಳು ನಮ್ಮೂರಿನ ಮೇಜಿನ ಮೇಲೆ ಇನ್ನೂ ಎಷ್ಟು ವರ್ಷ ಬಾಳುತ್ತವೋ. ಗಟ್ಟಿ ಅಲ್ಲವೆ, ಕಲ್ಲಿನ ಹಾಗೆ!

ಎದುರು ವಾದಗಳು ಇಲ್ಲದಿಲ್ಲ. ಚುಕ್ಕಿ ಹೆಚ್ಚಿದರೆ, ಬೆಳಕು ಹೆಚ್ಚಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ನಿಜ, ಜುಲೈ ತಿಂಗಳಲ್ಲಿ ಜಯಪುರದಲ್ಲಿ ಇರುವವರಿಗೆ ಬ್ಯಾಟರಿಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಾಲ್ಕು ತಾಸು ಕಾಣದ ಅಕ್ಷರಕ್ಕಿಂತ ಮೂರು ತಾಸು ಕಾಣುವ ಅಕ್ಷರ ಮೇಲಲ್ಲವೆ? ಮಿರುಗದ, ಒರಟು ಮೈಯ ಪರದೆಯಿಂದ ಬಣ್ಣ ಸಪ್ಪೆಯಾಗುತ್ತದೆಂದು ಕೆಲವರು ದೂರುತ್ತಾರೆ. ಅದರಲ್ಲಿ ನಾನು ಕಂಪನಿಯವರ ಪಕ್ಷ. ಜಗಲಿಯಲ್ಲಿ ಕುಳಿತು ಕೆಲಸ ಮಾಡುವಾಗ ನನ್ನ ಮುಖ, ಹಿಂದಿನ ಅಡಿಕೆ ಮರ ಎಲ್ಲ ಪರದೆಯಲ್ಲಿ ಕಾಣುವುದು ಬೇಡ. ಬಣ್ಣ ಯಾರಿಗೆ ಬೇಕು? ನಾನು ಕೇಳುವುದು ಕಪ್ಪು ಕಪ್ಪಾಗಿ, ಗೆರೆ ಗೆರೆಯಾಗಿ ಕಾಣಲಿ ಎಂದು. 'ಝೂಮ್ ಮಾಡಿ' ಎನ್ನುವವರು ಒಮ್ಮೆ ಹದಿನಾಲ್ಕು ಅಂಕಣಗಳ ಪಟ್ಟಿಯನ್ನು ಹಿಗ್ಗಿಸಿ ನೋಡಬೇಕು: ಹುಡುಗಿಯ ಹೆಸರು ಕಂಡರೆ ತಂದೆಯ ಹೆಸರು ಕಾಣುವುದಿಲ್ಲ.

ಈ ಸಲ ಇನ್ನೆರಡು ಯಂತ್ರ ಕೊಳ್ಳುವ ಮಾತು ಬಂದಾಗ ನಾನೇ ಶಿವಮೊಗ್ಗದ ಒಂದು ಅಂಗಡಿಗೆ ಹೋದೆ. "ಮೇಡಂ, ಒಳ್ಳೆ ಸ್ಕ್ರೀನೆಲ್ಲ ಪಿಕ್ಚರ್ ನೋಡೋರಿಗೆ. ಆಫೀಸ್ ಕೆಲಸಕ್ಕೆ ಇದು ಧಾರಾಳ" ಎಂದ ಅಂಗಡಿಯವನು. ಪಿಕ್ಚರ್ ನೋಡುವವನು ಎರಡೂವರೆ ತಾಸಿನಲ್ಲಿ ಎದ್ದು ಹೋಗುತ್ತಾನಪ್ಪ, ನಾನು ದಿನಕ್ಕೆ ಐದು ತಾಸು ಕೂರುತ್ತೇನೆ ಎಂದೆ. ಪರ್ಸಿನಿಂದ ಪೆನ್ ಡ್ರೈವ್ ತೆಗೆದು ಕೊಟ್ಟೆ. ಅದರಲ್ಲಿ ಒಂದು ಪುಟ, 11 ಪಾಯಿಂಟಿನಲ್ಲಿ ನಲವತ್ತು ಹೆಸರು. ಕೆಲವಕ್ಕೆ ಬೇಕೆಂದೇ ಹೊಟ್ಟೆ ಸೀಳಿಲ್ಲ. ಎರಡು ಯಂತ್ರ ಪಕ್ಕಪಕ್ಕ ಇಡಿಸಿ, ಚಾರ್ಜರ್ ಕೀಳಿಸಿ, ತಪ್ಪು ಹುಡುಕು ಎಂದೆ. ಅಗ್ಗದ್ದರಲ್ಲಿ ಅವನಿಗೆ ಸಿಕ್ಕಿದ್ದು ಎರಡು, ಇನ್ನೊಂದರಲ್ಲಿ ಏಳು. ಅವನಿಗೆ ಇಪ್ಪತ್ತೈದು ವರ್ಷ ಇದ್ದೀತು, ಕನ್ನಡಕವೂ ಇಲ್ಲ.

ಎರಡಕ್ಕೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಎಂದು ಕೇಳಿದೆ. ಅವನು ಹೇಳಿದ ಮೊತ್ತ ನನ್ನ ಹೊಸ ಕನ್ನಡಕಕ್ಕೆ ಕೊಟ್ಟದ್ದಕ್ಕಿಂತ ಕಡಿಮೆ ಇತ್ತು.