ನಾಲ್ಕು ಮೂಲೆ, ಅರವತ್ನಾಲ್ಕು ಮನೆ ಮತ್ತು ನಮ್ಮ ಗಡಿಯ ಟಿವಿ

ಮೊನ್ನೆ ದೊಡ್ಡ ಮಳೆ ಆದ ಮರುದಿನ ಆರನೇತ್ತೆಯ ಹುಡುಗನೊಬ್ಬ ಕೇಳಿದ: "ಸರ್, ಮಳಿ ಬಂದ್ರ ಛತ್ರಿ ಟಿವಿ ಯಾಕ ನಿಂದರ್ತದ? ಕೇಬಲ್ ಯಾಕ ನಿಂದರಂಗಿಲ್ಲ?" ನಾನು ಟಿಸಿಎಚ್, ಬಿಎ ಮಾಡಿದವ. ವಿಜ್ಞಾನದ ಮಾಸ್ತರ ಅಲ್ಲ. ಆದರೂ ಓದಿಕೊಂಡು ಮೈದಾನಕ್ಕೆ ಕರೆದುಕೊಂಡು ಹೋದೆ.

ಒಬ್ಬನಿಗೆ ಚೌಕದ ನಾಲ್ಕು ಮೂಲೆಯಲ್ಲಿ ಒಂದರಲ್ಲಿ ನಿಲ್ಲು ಅಂದೆ. ದೂರದವರು ನೋಡಿ ಗುರುತಿಸಬೇಕು. ನಾಲ್ಕು ಜಾಗ ಅಂದರೆ ಒಂದು ಸಲಕ್ಕೆ 2 ಬಿಟ್ ಸುದ್ದಿ. ಇದೇ ಕ್ಯೂಪಿಎಸ್‌ಕೆ. ನಂತರ ಅದೇ ಚೌಕದಲ್ಲಿ 64 ಮನೆ ಬರೆದೆ. ಈಗ ಒಂದು ಸಲಕ್ಕೆ 6 ಬಿಟ್! ಆದರೆ ಮನೆ ಸಣ್ಣವು, ದೂರದಿಂದ ಯಾವ ಮನೆ ಅಂತ ತಿಳಿಯಲಿಲ್ಲ. ಇದು 64-ಕ್ಯೂಎಎಂ.

ಕೇಬಲ್‌ನ ಸಿಗ್ನಲ್ ತಂತಿಯೊಳಗೆ ಭದ್ರ. ಅದಕ್ಕೇ ಅಲ್ಲಿ 64, 256 ಮನೆ ನಡೆಯುತ್ತವೆ. ಉಪಗ್ರಹ 36,000 ಕಿ.ಮೀ. ದೂರ. ಅಲ್ಲಿಂದ ಬರುವ ಶಕ್ತಿ ಕಡಿಮೆ. ಅದಕ್ಕೇ ನಾಲ್ಕು ಮೂಲೆ, ಹೊಸ ಡಿವಿಬಿ-ಎಸ್2ದಲ್ಲಿ ವೃತ್ತದ ಮೇಲೆ ಎಂಟು. ಜೋರು ಮಳೆ ಆ ಅಲೆಯನ್ನೇ ಹೀರಿದರೆ ನಾಲ್ಕು ಮೂಲೆಯೂ ಕಾಣುವುದಿಲ್ಲ. ಹಳೆಯ ಅನಲಾಗ್ ಟಿವಿ ಚುಕ್ಕೆ ಚುಕ್ಕೆಯಾದರೂ ಮಾತಾಡುತ್ತಿತ್ತು. ಡಿಜಿಟಲ್ ಹಾಗಲ್ಲ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ.

ಮೂರನೆಯದು ಟವರ್. ಗುಡ್ಡ, ಕಟ್ಟಡಕ್ಕೆ ಬಡಿದ ಪ್ರತಿಧ್ವನಿ ಅದರ ಶತ್ರು. ಹಿಂದೆ ಪರದೆ ಮೇಲೆ ಜೋಡಿ ಚಿತ್ರ ಬರುತ್ತಿತ್ತಲ್ಲ, ಅದೇ. ಅಮೆರಿಕದ ಹಳೆಯ 8-ವಿಎಸ್‌ಬಿ ಪದ್ಧತಿ ಒಬ್ಬನೇ ವೇಗವಾಗಿ ಮಾತಾಡಿದಂತೆ. ಓಎಫ್‌ಡಿಎಂನಲ್ಲಿ ಸಾವಿರಾರು ಜನ ಒಟ್ಟಿಗೆ, ಆದರೆ ಪ್ರತಿಯೊಬ್ಬರೂ ನಿಧಾನ, ನಡುವೆ ಸ್ವಲ್ಪ ಬಿಡುವು. ಪ್ರತಿಧ್ವನಿ ಆ ಬಿಡುವಿನಲ್ಲಿ ಸಾಯುತ್ತದೆ. ಕೊನೆಗೆ ಅಮೆರಿಕವೂ ಎಟಿಎಸ್‌ಸಿ 3.0ದಲ್ಲಿ ಓಎಫ್‌ಡಿಎಂಗೇ ಬಂತು.

ಇದೆಲ್ಲ ನಮಗ್ಯಾಕೆ ಅಂತೀರಾ? ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ನಮ್ಮ ಮಕ್ಕಳು ಬಾಲಭಾರತಿಯ ಕನ್ನಡ ಪುಸ್ತಕ ಓದುತ್ತಾರೆ, ಶಾಲೆ ಬಿಟ್ಟ ಮೇಲೆ ಕಿವಿಗೆ ಶುದ್ಧ ಕನ್ನಡ ಬೀಳುವುದು ಟಿವಿಯಿಂದಲೇ. ಒಮ್ಮೆ ಕೇಬಲ್‌ನವನೊಬ್ಬನಿಗೆ ಕನ್ನಡ ಚಾನೆಲ್ ಹಾಕು ಅಂದೆ. "ಯಾರ್ ನೋಡ್ತಾರ್ರೀ ಮಾಸ್ತರ?" ಅಂದ. 256 ಮನೆಯಲ್ಲಿ ಕನ್ನಡಕ್ಕೆ ಒಂದು ಮನೆ ಇಲ್ಲ! ಮಳೆಗೆ ಹೆದರುವ ಆ ನಾಲ್ಕು ಮೂಲೆಯ ಫ್ರೀ ಡಿಶ್ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಚಂದನವನ್ನು ತರುತ್ತದೆ.

ಟವರ್ ಕಥೆ ಬೇರೆ. ದೂರದರ್ಶನ 2016ರಲ್ಲಿ 16 ನಗರಗಳಲ್ಲಿ ಡಿವಿಬಿ-ಟಿ2 ಶುರು ಮಾಡಿತು. ಮುಂಬೈ, ಆಗಿನ ಔರಂಗಾಬಾದ್ ಇದ್ದವು, ನಮ್ಮ ಕಡೆಯ ಊರು ಇರಲಿಲ್ಲ. 2022ರ ಹೊತ್ತಿಗೆ ಅನಲಾಗ್ ಟವರ್‌ಗಳೂ ಬಹುತೇಕ ನಿಂತವು.

ಈಗ ಮೊಬೈಲಿಗೆ ನೇರ ಪ್ರಸಾರದ ಮಾತು ನಡೆದಿದೆ, ಬೆಂಗಳೂರಲ್ಲಿ ಪರೀಕ್ಷೆಯೂ ಆಗಿದೆ. ಆ ಎಟಿಎಸ್‌ಸಿ 3.0ದಲ್ಲಿ ಒಂದೇ ಅಲೆಯೊಳಗೆ ಬೇರೆ ಬೇರೆ ಕೊಳವೆ ಮಾಡಬಹುದು. ಒಂದರಲ್ಲಿ ಹೆಚ್ಚು ಮನೆ, ಹತ್ತಿರದವರಿಗೆ ಚಂದದ ಚಿತ್ರ. ಇನ್ನೊಂದರಲ್ಲಿ ನಾಲ್ಕೇ ಮೂಲೆ, ದೂರದವರಿಗೂ ಮುಟ್ಟುವಂಥದ್ದು. ನನ್ನ ಅಭಿಪ್ರಾಯ ಇಷ್ಟೇ: ಗಡಿ ಜಿಲ್ಲೆಗಳಲ್ಲಿ ಚಂದನ, ಸಹ್ಯಾದ್ರಿ ಎರಡನ್ನೂ ಆ ಗಟ್ಟಿ ಕೊಳವೆಯಲ್ಲಿ ಬಿಡಲಿ. ಚಿತ್ರ ಸ್ವಲ್ಪ ಮಬ್ಬಾದರೂ ನಡೆದೀತು. 1975ರ ಸೈಟ್ ಪ್ರಯೋಗದಲ್ಲಿ ಒಂದೇ ಚಿತ್ರಕ್ಕೆ ಎರಡು ಧ್ವನಿ ಜೋಡಿಸಿ ಕನ್ನಡ, ತೆಲುಗು ಎರಡೂ ಹಳ್ಳಿಗಳಿಗೆ ಮುಟ್ಟಿಸಿದ ದೇಶ ನಮ್ಮದು. ಈಗ ಆಗುವುದಿಲ್ಲವೇ?

ನೀವೇನಂತೀರಿ? ನಿಮ್ಮೂರಲ್ಲಿ ಚಂದನ ಬರ್ತದೇನ್ರೀ?